ಕಳಚಿದ ತಂತಿ, ನಿಲ್ಲದ ಅಂಕಿ

ಗೋಡೆಯ ಗಡಿಯಾರ ನಿಂತುಹೋದರೆ ನಿಮಗೆ ಬೇಗನೆ ತಿಳಿಯುತ್ತದೆ. ಅದೇ ಗಡಿಯಾರ ದಿನಕ್ಕೆ ಒಂದೆರಡು ನಿಮಿಷ ಹಿಂದೆ ಬೀಳುತ್ತಿದ್ದರೆ? ಮುಳ್ಳುಗಳು ತಿರುಗುತ್ತಲೇ ಇರುತ್ತವೆ, ನೀವು ನಂಬುತ್ತಲೇ ಇರುತ್ತೀರಿ. ಬಸ್ಸು ತಪ್ಪಿದ ದಿನವೇ ದೋಷ ಗೊತ್ತಾಗುವುದು. ಕೆಟ್ಟು ನಿಂತ ಉಪಕರಣಕ್ಕಿಂತ, ಕೆಟ್ಟ ಮೇಲೂ ಅಂಕಿ ತೋರಿಸುತ್ತಿರುವ ಉಪಕರಣ ಹೆಚ್ಚು ಅಪಾಯಕಾರಿ. ಸಮುದ್ರದಲ್ಲಿ ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಹಡಗಿನಲ್ಲಿ ಉಪಕರಣವನ್ನು ಎಲ್ಲಿ, ಹೇಗೆ ಕೂರಿಸಬೇಕು ಎಂಬ ಪ್ರಶ್ನೆ ಇಲೆಕ್ಟ್ರಾನಿಕ್ಸ್‌ಗಿಂತ ಹಳೆಯದು. 1801ರಿಂದ 1803ರವರೆಗೆ ಆಸ್ಟ್ರೇಲಿಯದ ಕರಾವಳಿಯನ್ನು ಸಮೀಕ್ಷಿಸಿದ ಬ್ರಿಟಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್, ಹಡಗು ಮುಖ ತಿರುಗಿಸಿದಂತೆಲ್ಲ ದಿಕ್ಸೂಚಿಯ ದೋಷವೂ ಬದಲಾಗುವುದನ್ನು ಗಮನಿಸಿದ. ಕಾರಣ, ಹಡಗಿನಲ್ಲಿಯೇ ಇದ್ದ ಕಬ್ಬಿಣ. ಈ ದೋಷವನ್ನು ಸರಿದೂಗಿಸಲು ದಿಕ್ಸೂಚಿಯ ಬಳಿ ನಿಲ್ಲಿಸುವ ಕಬ್ಬಿಣದ ಸರಳಿಗೆ ಇಂದಿಗೂ ಅವನ ಹೆಸರೇ ಇದೆ. ಈಗ ಕಬ್ಬಿಣದ ಜೊತೆಗೆ ರೇಡಿಯೊ, ಧ್ವನಿವರ್ಧಕ, ವಿದ್ಯುತ್ ತಂತಿಗಳೂ ಸೇರಿಕೊಂಡಿವೆ. ಆದ್ದರಿಂದಲೇ ಹಡಗಿನ ವಿದ್ಯುತ್ ಉಪಕರಣಗಳ ಮೇಲೆ, ದಿಕ್ಸೂಚಿಯಿಂದ ಕನಿಷ್ಠ ಎಷ್ಟು ದೂರವಿರಬೇಕು ಎಂಬುದನ್ನು ನಮೂದಿಸಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ.

ಇಲೆಕ್ಟ್ರಾನಿಕ್ ಯುಗಕ್ಕೆ ಇಂಥದೇ ಪಾಠ ಕಲಿಸಿದ್ದು ‘ರಾಯಲ್ ಮೆಜೆಸ್ಟಿ’ ಎಂಬ ಪ್ರಯಾಣಿಕರ ಹಡಗು. 24 ಉಪಗ್ರಹಗಳ ಜಿಪಿಎಸ್ ವ್ಯವಸ್ಥೆ ಪೂರ್ಣ ಸಾಮರ್ಥ್ಯ ಪಡೆದದ್ದು 1995ರ ಏಪ್ರಿಲ್‌ನಲ್ಲಿ. ಅದೇ ವರ್ಷ ಜೂನ್ 9ರ ಮಧ್ಯಾಹ್ನ ಈ ಹಡಗು ಬರ್ಮುಡ ದ್ವೀಪದಿಂದ ಅಮೆರಿಕದ ಬಾಸ್ಟನ್‌ಗೆ ಹೊರಟಿತು. ಅದರಲ್ಲಿದ್ದವರು 1,509 ಮಂದಿ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವುಗಳಿಂದ ಬರುವ ಸಂಕೇತ ಅತಿ ದುರ್ಬಲ. ತೆರೆದ ಆಕಾಶ ಕಾಣುವ ಆಂಟೆನಾ ಅದನ್ನು ಹಿಡಿದು, ಕೇಬಲ್ ಮೂಲಕ ಗ್ರಾಹಕಕ್ಕೆ ಒಯ್ಯುತ್ತದೆ. ಈ ಹಡಗಿನಲ್ಲಿ ಆ ಕೇಬಲ್ಲು ಜನ ಓಡಾಡುವ ಜಾಗದಲ್ಲಿ, ಕಾಲಿಗೆ ತೊಡರುವಂತೆ ಹಾದುಹೋಗಿತ್ತು. ಬಂದರು ಬಿಟ್ಟು ಒಂದು ಗಂಟೆಯೊಳಗೆ, ಆಂಟೆನಾದ ಜೋಡಣೆಯ ಬಳಿ ಕೇಬಲ್ಲಿನ ಹೊರಕವಚದ ತಂತಿ ಕಳಚಿಕೊಂಡಿತು. ಸಂಕೇತ ನಿಂತಿತು.

ಅಂಕಿ ಮಾತ್ರ ನಿಲ್ಲಲಿಲ್ಲ! ಸಂಕೇತವಿಲ್ಲದಾಗ ಗ್ರಾಹಕವು ‘ಡೆಡ್ ರೆಕನಿಂಗ್’ ಎಂಬ ಅಂದಾಜಿನ ವಿಧಾನಕ್ಕೆ ಬದಲಾಗುವಂತೆ ರಚಿತವಾಗಿತ್ತು. ಕೊನೆಯದಾಗಿ ಗೊತ್ತಿದ್ದ ಸ್ಥಾನ, ಹಡಗಿನ ವೇಗ, ದಿಕ್ಕು ಇವಿಷ್ಟರಿಂದ ಹೊಸ ಸ್ಥಾನವನ್ನು ಲೆಕ್ಕ ಹಾಕುವ ವಿಧಾನವಿದು. ಗಾಳಿ ಮತ್ತು ಪ್ರವಾಹಗಳ ತಳ್ಳುವಿಕೆ ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬದಲಾವಣೆಯ ಸೂಚನೆಯಾಗಿ ಕೈಗಡಿಯಾರದ ಚಿಲಿಪಿಲಿಯಂಥ ಸದ್ದು ಒಂದು ಸೆಕೆಂಡು ಕೇಳಿಸಿತು. ಆಮೇಲೆ ಪರದೆಯ ಮೇಲೆ ಚಿಕ್ಕ ಅಕ್ಷರಗಳು ಮಾತ್ರ ಉಳಿದವು. ಸ್ವಯಂಚಾಲಕಕ್ಕೂ ಈ ವ್ಯತ್ಯಾಸ ತಿಳಿಯಲಿಲ್ಲ. ಜಿಪಿಎಸ್ ಕೊಟ್ಟ ಅಂದಾಜನ್ನೇ ನಿಜವೆಂದುಕೊಂಡು ಅದು ಹಡಗನ್ನು ನಡೆಸಿತು.

ಜೂನ್ 10ರ ರಾತ್ರಿ 10 ಗಂಟೆ 25 ನಿಮಿಷಕ್ಕೆ, ನ್ಯಾಂಟುಕೆಟ್ ದ್ವೀಪದ ಪೂರ್ವದಲ್ಲಿರುವ ಮರಳುದಿಬ್ಬವನ್ನು ಹಡಗು ಏರಿ ಕುಳಿತಿತು. ಪರದೆಯ ಪ್ರಕಾರ ಇರಬೇಕಾಗಿದ್ದ ಜಾಗಕ್ಕೂ ಅದು ಇದ್ದ ಜಾಗಕ್ಕೂ ಸುಮಾರು 17 ನಾಟಿಕಲ್ ಮೈಲಿ, ಎಂದರೆ 31 ಕಿ.ಮೀ.ಗೂ ಹೆಚ್ಚು ಅಂತರ. ಈಗ ನೀವೇ ಭಾಗಿಸಿ ನೋಡಿ: ಸುಮಾರು 34 ಗಂಟೆಗಳಲ್ಲಿ 17 ಮೈಲಿ, ಗಂಟೆಗೆ ಅರ್ಧ ಮೈಲಿ. ಮಗುವಿನ ನಡಿಗೆಗಿಂತ ನಿಧಾನವಾದ ಈ ಸರಿತವು ಗಂಟೆಗಟ್ಟಲೆ ಕೂಡಿಕೊಳ್ಳುತ್ತಾ ಹೋಗಿತ್ತು.

ತಪ್ಪನ್ನು ಹಿಡಿಯಲು ದಾರಿಗಳಿರಲಿಲ್ಲವೆ? ಇದ್ದವು. ಭೂಮಿಯ ಮೇಲಿನ ರೇಡಿಯೊ ಕೇಂದ್ರಗಳನ್ನು ಅವಲಂಬಿಸಿದ ‘ಲೋರಾನ್-ಸಿ’ ಉಪಕರಣ ಅದೇ ಹಡಗಿನಲ್ಲಿತ್ತು. ಅದರೊಡನೆ ಹೋಲಿಸಿದ್ದರೆ ಸಾಕಿತ್ತು. ನೀರಿನ ಆಳ ಅಳೆಯುವ ಪ್ರತಿಧ್ವನಿ ಮಾಪಕವೂ ಇತ್ತು. ಆದರೆ ಅದರ ಎಚ್ಚರಿಕೆ ಗಂಟೆಯನ್ನು 0 ಮೀಟರಿಗೆ ಹೊಂದಿಸಲಾಗಿತ್ತು. ಎಂದರೆ, ತಳ ತಾಗುವವರೆಗೆ ಅದು ಬಾರಿಸುವಂತಿರಲಿಲ್ಲ. ಸಂಜೆ ರೇಡಾರಿನಲ್ಲಿ ಒಂದು ತೇಲುಗುರುತು ಕಂಡಾಗ, ತಾವು ನಿರೀಕ್ಷಿಸಿದ್ದು ಅದೇ ಎಂದು ಅಧಿಕಾರಿ ಭಾವಿಸಿದರು. ನಿಜಕ್ಕೂ ಅದು ಬೇರೊಂದು ಗುರುತು. ಹಡಗು ದಿಬ್ಬ ಏರಿದ ನಂತರ ಕಪ್ತಾನರು ಲೋರಾನ್ ನೋಡಿದಾಗಲೇ ಜಿಪಿಎಸ್ಸಿನ ತಪ್ಪು ಬೆಳಕಿಗೆ ಬಂದದ್ದು.

ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ. ಮರುದಿನ ಎಳೆದೋಣಿಗಳು ಹಡಗನ್ನು ಬಿಡಿಸಿದವು. ದುರಸ್ತಿ ಮತ್ತು ಆದಾಯ ನಷ್ಟ ಸೇರಿ ಹಾನಿ ಸುಮಾರು 70 ಲಕ್ಷ ಡಾಲರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 1997ರ ವರದಿಯಲ್ಲಿ ಕೇಬಲ್ಲನ್ನಷ್ಟೇ ದೂರಲಿಲ್ಲ. ಸ್ವಯಂಚಾಲಿತ ವ್ಯವಸ್ಥೆಯ ಮೇಲಿನ ಅತಿಯಾದ ಅವಲಂಬನೆ, ತರಬೇತಿಯ ಕೊರತೆ, ವಿನ್ಯಾಸದ ಲೋಪ ಇವೆಲ್ಲವನ್ನೂ ಅದು ಎತ್ತಿ ತೋರಿಸಿತು.

ಮಲ್ಪೆ ಅಥವಾ ಮಂಗಳೂರಿನ ಮೀನುಗಾರಿಕೆ ದೋಣಿಗೂ ಈ ಪಾಠಗಳು ಸಲ್ಲುತ್ತವೆ. ಆಂಟೆನಾಕ್ಕೆ ಆಕಾಶ ಮರೆಯಾಗಬಾರದು. ಕೇಬಲ್ಲು ಕಾಲಿಗೆ ಸಿಗದಂತೆ ಬಿಗಿಯಾಗಿ ಕಟ್ಟಿರಬೇಕು. ಜೋಡಣೆಗಳಿಗೆ ಉಪ್ಪುನೀರು ತಾಗಬಾರದು. ಎಚ್ಚರಿಕೆಯ ಸದ್ದು ಎಂಜಿನ್ನಿನ ಸದ್ದಿನ ನಡುವೆಯೂ ಚುಕ್ಕಾಣಿ ಹಿಡಿದವನಿಗೆ ಕೇಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಉಪಕರಣದ ಅಂಕಿಯನ್ನು ಅದನ್ನು ಅವಲಂಬಿಸದ ಇನ್ನೊಂದರೊಡನೆ ಆಗಾಗ ತಾಳೆ ನೋಡಬೇಕು. ಅಮೆರಿಕವು ಲೋರಾನ್-ಸಿಯನ್ನು 2010ರಲ್ಲಿ ನಿಲ್ಲಿಸಿತು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದ ಹಲವು ಹಡಗುಗಳ ಜಿಪಿಎಸ್, ಅವು ದೂರದ ವಿಮಾನ ನಿಲ್ದಾಣವೊಂದರಲ್ಲಿ ಇರುವುದಾಗಿ ತೋರಿಸಿತು. ಕೇಬಲ್ಲು ಸರಿಯಿದ್ದರೂ ಹುಸಿ ಸಂಕೇತ ಮೋಸಗೊಳಿಸಬಲ್ಲದು. ತಾಳೆ ನೋಡುವ ಅಭ್ಯಾಸದ ಅಗತ್ಯ ಕಡಿಮೆಯಾಗಿಲ್ಲ.

ತರಗತಿಯಲ್ಲಿ ಇದನ್ನು ಮಾಡಿ ನೋಡಿ. ಮೇಜಿನ ಮೇಲೆ ಪುಟ್ಟ ದಿಕ್ಸೂಚಿಯನ್ನಿಟ್ಟು, ಒಂದು ಧ್ವನಿವರ್ಧಕವನ್ನು ಪಕ್ಕದಿಂದ ನಿಧಾನವಾಗಿ ಹತ್ತಿರ ತನ್ನಿ. ಸೂಜಿ ಎಷ್ಟು ಸೆಂಟಿಮೀಟರ್ ದೂರದಲ್ಲಿ ಸರಿಯಲಾರಂಭಿಸುತ್ತದೆ ಎಂದು ಅಳೆಯಿರಿ. ಸರಿದ ಸೂಜಿಯೂ ಸ್ಥಿರವಾಗಿ ಒಂದು ದಿಕ್ಕನ್ನೇ ತೋರುತ್ತಿರುತ್ತದೆ. ಅದು ತಪ್ಪು ದಿಕ್ಕೆಂದು ತಿಳಿಯುವುದು ಹೇಗೆ? ಉತ್ತರವನ್ನು ವಿದ್ಯಾರ್ಥಿಗಳೇ ಹುಡುಕಲಿ.