ಬೆಂಗಳೂರಿನ ಸೇಂಟ್ ಮಾರ್ಕನ ಮಹಾದೇವಾಲಯ

‘ಪೀಠ’ವೆಂಬ ಶಬ್ದವು ಕನ್ನಡ ನಾಡಿನ ಎಲ್ಲ ಮತದವರಿಗೂ ಚಿರಪರಿಚಿತವಾದುದು. ಚಿಕ್ಕೋಡಿ ಸೀಮೆಯ ಭೋಜ, ನಿಪ್ಪಾಣಿ ಮೊದಲಾದ ಊರುಗಳ ಜೈನರು ಕೊಲ್ಲಾಪುರ, ನಾಂದಣಿಗಳ ಭಟ್ಟಾರಕಪೀಠಗಳನ್ನು ಬಲ್ಲರು, ವೀರಶೈವರಿಗೆ ಪಂಚಪೀಠಗಳುಂಟು, ಸ್ಮಾರ್ತರಿಗೆ ಶೃಂಗೇರಿಯುಂಟು. ಕ್ರೈಸ್ತರ ‘ಕಥೀಡ್ರಲ್’ ಎಂಬ ಪದದ ಮೂಲಾರ್ಥವೂ ಇದೇ ಆಗಿರುತ್ತದೆ. ಗ್ರೀಕ್ ಭಾಷೆಯಲ್ಲಿ ‘ಕಥೆದ್ರಾ’ ಎಂದರೆ ಆಸನ. ಆ ಆಸನದಲ್ಲಿ ಕುಳಿತುಕೊಳ್ಳತಕ್ಕವನು ‘ಎಪಿಸ್ಕೊಪೊಸ್’, ಎಂದರೆ ಮೇಲಿನಿಂದ ನೋಡಿಕೊಳ್ಳುವವನು. ಇಂಗ್ಲಿಷರ ಬಾಯಲ್ಲಿ ಅವನೇ ಬಿಷಪ್. ಕನ್ನಡ ಬೈಬಲ್ಲು ಈ ಪದಕ್ಕೆ ‘ಸಭಾಧ್ಯಕ್ಷ’ನೆಂಬ ಶಬ್ದವನ್ನು ಪ್ರಯೋಗಿಸಿದೆ. ‘ಅಕ್ಷ’ವೆಂದರೆ ನೇತ್ರವಾದುದರಿಂದ ಈ ಅನುವಾದವು ಅತ್ಯಂತ ಸಮುಚಿತವಾದುದು. ಆದಕಾರಣ ಒಂದು ದೇವಾಲಯವು ಮಹಾದೇವಾಲಯವೆನಿಸಿಕೊಳ್ಳುವುದು ಅದರ ಗಾತ್ರದಿಂದಲ್ಲ, ಅಧ್ಯಕ್ಷನ ಆಸನದಿಂದ. ಬೆಂಗಳೂರಿನ ಸೇಂಟ್ ಮಾರ್ಕನ ದೇವಾಲಯದ ಚರಿತ್ರೆಯನ್ನು ಈ ಸೂತ್ರವನ್ನು ಹಿಡಿದೇ ಪರಿಶೀಲಿಸಬೇಕು.

ಕ್ರಿ. ಶ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕಂಪನಿಯ ಸೈನ್ಯವು ಕೆಲವು ವರ್ಷಗಳಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು. ಹಳೆಯ ಪೇಟೆಯ ಈಶಾನ್ಯಕ್ಕೆ ದಂಡಿನ ಪ್ರದೇಶವು ಹುಟ್ಟಿದ ಕಾಲದಲ್ಲಿಯೇ, 1808ರಲ್ಲಿ, ಈ ದೇವಾಲಯದ ಕಟ್ಟಡಕ್ಕೆ ಆರಂಭವಾಗಿ 1812ರಲ್ಲಿ ಪೂರ್ತಿಯಾಯಿತು. 1816ರಲ್ಲಿ ಕಲ್ಕತ್ತೆಯ ಬಿಷಪ್ಪರು ಇದನ್ನು ಪ್ರತಿಷ್ಠಾಪಿಸಿದರು. ಇಂಗ್ಲೆಂಡಿನ ಸಭೆಗೆ ಭರತಖಂಡದಲ್ಲಿ ಅಂದು ಇದ್ದದ್ದು 1814ರಲ್ಲಿ ಏರ್ಪಟ್ಟ ಆ ಒಂದೇ ಅಧ್ಯಕ್ಷಪೀಠ. ಬೆಂಗಳೂರಿನ ಆಸನವು ಗಂಗಾತೀರದಲ್ಲಿತ್ತೆಂದು ಹೇಳಬಹುದು.

ಮುಂದೆ 1835ರಲ್ಲಿ ಮದ್ರಾಸಿಗೂ 1837ರಲ್ಲಿ ಮುಂಬಯಿಗೂ ಪ್ರತ್ಯೇಕ ಬಿಷಪ್ಪರು ನೇಮಕವಾದರು. ಅಧಿಕಾರದ ಗಡಿಗಳು ಪ್ರೆಸಿಡೆನ್ಸಿಗಳ ಗಡಿಗಳನ್ನೇ ಅನುಸರಿಸಿದವು. ಹೀಗಾಗಿ ಬೆಂಗಳೂರಿನ ದಂಡಿನ ದೇವಾಲಯವು ಮದ್ರಾಸಿನ ಕಡೆಗೂ, ಬೆಳಗಾವಿಯ ದಂಡಿನ ಸೇಂಟ್ ಮೇರಿಯ ದೇವಾಲಯವು ಮುಂಬಯಿಯ ಕಡೆಗೂ ಮುಖಮಾಡಿ ನಿಂತವು. ಆಡಳಿತದಲ್ಲಿ ಕನ್ನಡ ನಾಡು ಹೇಗೆ ಹರಿದು ಹಂಚಿಹೋಗಿದ್ದಿತೋ ಧರ್ಮಶಾಸನದಲ್ಲಿಯೂ ಹಾಗೆಯೇ ಹಂಚಿಹೋಯಿತು. ನಾಡಿನೊಳಗೆ ಒಂದಾದರೂ ಪೀಠವಿರಲಿಲ್ಲ.

ಆ ದಿನಗಳಲ್ಲಿ ಈ ದೇವಾಲಯದ ಸಮುದಾಯವೆಂದರೆ ಸೈನ್ಯಾಧಿಕಾರಿಗಳು, ಸಿಪಾಯರು, ಅವರ ಕುಟುಂಬದವರು. ಒಳಗೋಡೆಗಳ ಸ್ಮಾರಕ ಫಲಕಗಳು ಅವರ ಯುದ್ಧಗಳನ್ನೂ ಮರಣಗಳನ್ನೂ ಹೇಳುತ್ತವೆ. ನಮ್ಮ ವೀರಗಲ್ಲುಗಳಿಗೂ ಇವುಗಳಿಗೂ ಉದ್ದೇಶವು ಒಂದೇ. ಭಾಷೆ ಮಾತ್ರ ಬೇರೆ. ಕನ್ನಡದ ಕ್ರೈಸ್ತಧರ್ಮವು ಬೆಳೆದದ್ದು ಅನ್ಯತ್ರ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು ಬೈಬಲ್ಲನ್ನು ಕನ್ನಡಿಸುವ ಕಾರ್ಯಕ್ಕೆ ಕೈಹಾಕಿದರು. 1820ರಲ್ಲಿ ಬೆಳಗಾವಿಯಲ್ಲಿ ಅದೇ ಮಿಶನ್ನಿನ ಕೆಲಸವು ಮೊದಲಾಯಿತು. ಬೆಂಗಳೂರಿನಲ್ಲಿಯೂ ವೆಸ್ಲಿಯನ್ ಪಂಥದವರ ಹಡ್ಸನ್ ಸ್ಮಾರಕ ದೇವಾಲಯವು 1904ರಲ್ಲಿ ಕನ್ನಡ ಆರಾಧನೆಗೆಂದೇ ಎದ್ದಿತು. ಒಂದೇ ನಗರದಲ್ಲಿ ದಂಡಿನ ಇಂಗ್ಲಿಷ್ ಪ್ರಾರ್ಥನೆಯೂ ಪೇಟೆಯ ಕನ್ನಡ ಪ್ರಾರ್ಥನೆಯೂ ಪರಸ್ಪರ ದೂರವಾಗಿಯೇ ಉಳಿದವು.

ಇಪ್ಪತ್ತನೆಯ ಶತಮಾನದಾದಿಯಲ್ಲಿ ಸೇಂಟ್ ಮಾರ್ಕನ ದೇವಾಲಯವನ್ನು ವಿಸ್ತರಿಸಲಾಯಿತು. ಆದರೆ 1923ರಲ್ಲಿ ಬೆಂಕಿ ಬಿದ್ದು ಕಟ್ಟಡವು ಭಸ್ಮವಾಯಿತು. ಸಭೆಯವರು ಎದೆಗುಂದದೆ ಅದನ್ನು ಪುನಃ ಕಟ್ಟಿಸಿ 1927ರಲ್ಲಿ ಮುಗಿಸಿದರು. ಲಂಡನ್ನಿನ ಸೇಂಟ್ ಪಾಲನ ಮಹಾದೇವಾಲಯದ ಛಾಯೆಯುಳ್ಳ ಗುಮ್ಮಟವೂ ಅರ್ಧಚಂದ್ರಾಕಾರದ ಗರ್ಭಭಾಗವೂ ಇಂದಿನ ಕಟ್ಟಡದ ಲಕ್ಷಣಗಳು. ಸುಟ್ಟ ದೇಗುಲವನ್ನು ಜೀರ್ಣೋದ್ಧಾರ ಮಾಡಿಸುವುದು ಕನ್ನಡ ಶಾಸನಗಳಲ್ಲಿ ಪುನಃಪುನಃ ಕೊಂಡಾಡಲ್ಪಟ್ಟ ಪುಣ್ಯಕಾರ್ಯವೇ ಆಗಿದೆ.

ನಿಜವಾದ ಮಾರ್ಪಾಡು ಬಂದದ್ದು ಕಲ್ಲುಗಾರೆಗಳಿಂದಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜನ ಮಹಾದೇವಾಲಯದಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಇಂಡಿಯಾ ಐಕ್ಯಸಭೆಯವರು ಕೂಡಿ ದಕ್ಷಿಣ ಇಂಡಿಯಾ ಸಭೆಯಾದರು. ಅದೇ ದಿನ ಪಿ. ಗುರುಶಾಂತರು ಮೈಸೂರಿನ ಪ್ರಥಮ ಬಿಷಪ್ಪರಾಗಿ ಅಭಿಷಿಕ್ತರಾದರು. ಅವರು ಮೆಥಡಿಸ್ಟ್ ಪಂಥದಿಂದ ಬಂದವರು. ಆ ಪಂಥದ ಇಲ್ಲಿಯ ಶಾಖೆಗೆ ಹಿಂದೆ ಬಿಷಪ್ಪರೇ ಇರಲಿಲ್ಲ. ಆಂಗ್ಲಿಕನರು ತಂದ ಪೀಠವನ್ನು ಕನ್ನಡ ಸಭೆಗಳ ಸೇವಕರೊಬ್ಬರು ಏರಿದರೆಂಬುದು ಗಮನಾರ್ಹವಾದ ಸಂಗತಿ. ಐಕ್ಯದ ತರುವಾಯ ಸೇಂಟ್ ಮಾರ್ಕನ ದೇವಾಲಯವು ಮಹಾದೇವಾಲಯದ ಪದವಿಗೇರಿತು. ಅನಂತರ ಕರ್ನಾಟಕದ ಸಭೆಯು ಮಧ್ಯ, ಉತ್ತರ, ದಕ್ಷಿಣವೆಂಬ ಪ್ರಾಂತಗಳಾಗಿ ಏರ್ಪಟ್ಟಿತು. ಬೆಂಗಳೂರು, ಧಾರವಾಡ, ಮಂಗಳೂರು ಅವುಗಳ ಕೇಂದ್ರಗಳಾದವು. ಕಲ್ಕತ್ತೆಯಲ್ಲಿಯೋ ಮದ್ರಾಸಿನಲ್ಲಿಯೋ ಇದ್ದ ಆಸನವು ಕೊನೆಗೆ ಕನ್ನಡ ನೆಲದ ಮೇಲೆ ಬಂದು ನಿಂತಿತು.

ಈ ದೇವಾಲಯವು ಪರಕೀಯರ ಕೃತಿಯಾದುದರಿಂದ ಕರ್ನಾಟಕದ ಇತಿಹಾಸಕ್ಕೆ ಸೇರತಕ್ಕದ್ದಲ್ಲವೆಂದು ಕೆಲವರು ಭಾವಿಸಬಹುದು. ಅದು ಸಮಂಜಸವಲ್ಲ. ಕಟ್ಟಿದವರು ಯಾರೆಂಬುದು ಆರಂಭದ ಪ್ರಶ್ನೆ ಮಾತ್ರ. ಆಸನವು ಯಾರದಾಯಿತೆಂಬುದು ಚರಿತ್ರೆಯ ಪ್ರಶ್ನೆ. ಕನ್ನಡದ ಸಹಸ್ರಾರು ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಬೆಳಕಿಗೆ ತಂದ ಬಿ. ಎಲ್. ರೈಸರು ಬೆಂಗಳೂರಿನ ಲಂಡನ್ ಮಿಶನ್ ಪಾದ್ರಿಯೊಬ್ಬರ ಪುತ್ರರು. ಬಸದಿಯೆಂದಾಗಲಿ ಶಿವಾಲಯವೆಂದಾಗಲಿ ಭೇದವೆಣಿಸದೆ ಅವರು ಕಲ್ಲುಗಳನ್ನು ಓದಿದರು. ಸೇಂಟ್ ಮಾರ್ಕನ ಗೋಡೆಯ ಫಲಕಗಳನ್ನೂ ಅದೇ ಸಮದೃಷ್ಟಿಯಿಂದ ಕನ್ನಡದಲ್ಲಿ ಓದಿ ವಿವರಿಸುವುದು ನಾಡಿನ ವಿದ್ವಾಂಸರಿಗೆ ಸಲ್ಲತಕ್ಕ ಕರ್ತವ್ಯವಾಗಿದೆ.