ಸಮನ್ವಯ ಶಿಕ್ಷಣದಲ್ಲಿ ಶಿಕ್ಷಕರ ತರಬೇತಿ (ಪಾಂಡವಪುರ ಉಪವಿಭಾಗ)

ಅಂಗವೈಕಲ್ಯವುಳ್ಳ ಮಕ್ಕಳು, ವಲಸೆ ಕುಟುಂಬದ ಮಕ್ಕಳು, ಕಲಿಕೆಯಲ್ಲಿ ಹಿಂದುಳಿದವರು ಮೊದಲಾದವರನ್ನು ಪ್ರತ್ಯೇಕವಾಗಿ ಕೂರಿಸದೆ, ಎಲ್ಲರೊಡನೆ ಒಂದೇ ತರಗತಿಯಲ್ಲಿ ಕಲಿಸುವ ಕ್ರಮಕ್ಕೆ ಕರ್ನಾಟಕದ ಶಾಲಾ ಶಿಕ್ಷಣದಲ್ಲಿ 'ಸಮನ್ವಯ ಶಿಕ್ಷಣ' ಎಂಬ ಹೆಸರಿದೆ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್. ಪೇಟೆ) ಮತ್ತು ನಾಗಮಂಗಲ ತಾಲ್ಲೂಕುಗಳ ಸರ್ಕಾರಿ ಶಾಲಾ ಶಿಕ್ಷಕರಿಗೆ ಇದರ ತರಬೇತಿ ರಾಜ್ಯ, ಜಿಲ್ಲೆ, ತಾಲ್ಲೂಕು ಮತ್ತು ಕ್ಲಸ್ಟರ್ ಹಂತಗಳ ಮೂಲಕ ತಲುಪುತ್ತದೆ.

ಹಿನ್ನೆಲೆ

ಈ ತಾಲ್ಲೂಕುಗಳು 1939ರಲ್ಲಿ ಮಂಡ್ಯ ಜಿಲ್ಲೆ ರಚನೆಯಾಗುವವರೆಗೆ ಮೈಸೂರು ಜಿಲ್ಲೆಯ ಭಾಗವಾಗಿದ್ದವು. ಮೈಸೂರು ನಗರದಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಆರಂಭವಾಯಿತು. ಆದರೆ ಅದು ಊರು ಬಿಟ್ಟು ಹೋಗಿ ಸೇರಬೇಕಾದ ವಿಶೇಷ ಶಾಲೆ; ಹಳ್ಳಿಯ ಶಾಲೆಯ ಮೇಷ್ಟರಿಗೆ ಅಂಥ ಮಗುವಿಗೆ ಕಲಿಸುವ ಹೊಣೆ ಬಂದಿರಲಿಲ್ಲ.

ಆ ಹೊಣೆ ಬಂದದ್ದು 1990ರ ದಶಕದಲ್ಲಿ, ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ (ಡಿ.ಪಿ.ಇ.ಪಿ.) ಮೂಲಕ. ಅದರ ಮೊದಲ ಹಂತಕ್ಕೆ ಕರ್ನಾಟಕದಿಂದ ಬೆಳಗಾವಿ, ಕೋಲಾರ, ರಾಯಚೂರುಗಳೊಡನೆ ಮಂಡ್ಯವೂ ಆಯ್ಕೆಯಾಯಿತು. ಮಹಿಳಾ ಸಾಕ್ಷರತೆ ಕಡಿಮೆಯಿರುವುದು ಆಯ್ಕೆಯ ಮುಖ್ಯ ಮಾನದಂಡವಾಗಿತ್ತು. ತಾಲ್ಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿ.ಆರ್.ಸಿ.), ಹತ್ತಾರು ಶಾಲೆಗಳಿಗೊಂದು ಕ್ಲಸ್ಟರ್ ಎಂಬ ಏರ್ಪಾಡು ಈ ಯೋಜನೆಯಿಂದ ಬಂದಿತು. ಮುಂದೆ ಸರ್ವ ಶಿಕ್ಷಣ ಅಭಿಯಾನ (2001), ಆಮೇಲೆ ಸಮಗ್ರ ಶಿಕ್ಷಣ (2018) ಇದೇ ಏರ್ಪಾಡನ್ನು ಉಳಿಸಿಕೊಂಡವು.

ಕಾನೂನಿನ ನೆಲೆ

2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ವಯಸ್ಸಿಗೆ ತಕ್ಕ ತರಗತಿಗೆ ದಾಖಲಿಸಬೇಕೆಂದು ವಿಧಿಸಿತು. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹೊರಗಿಡುವಂತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿತು. ಕಲಿಕಾ ನ್ಯೂನತೆಯೂ ಸ್ವಲೀನತೆಯೂ ಅದರಲ್ಲಿ ಸೇರಿದ್ದರಿಂದ, ಕಣ್ಣಿಗೆ ಕಾಣದ ತೊಂದರೆಗಳನ್ನೂ ಶಿಕ್ಷಕರು ಗುರುತಿಸಬೇಕಾಯಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆಯನ್ನು ನಿಗದಿಪಡಿಸಿತು.

ತರಬೇತಿಯ ವ್ಯವಸ್ಥೆ

ಬೆಂಗಳೂರಿನ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿ.ಎಸ್.ಇ.ಆರ್.ಟಿ.) ರೂಪಿಸಿದ ತರಬೇತಿ ಸಾಹಿತ್ಯ ಮಂಡ್ಯದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ (ಡಯಟ್) ಬರುತ್ತದೆ. ಅಲ್ಲಿ ಸಿದ್ಧರಾದ ಸಂಪನ್ಮೂಲ ವ್ಯಕ್ತಿಗಳು ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ ಉಳಿದ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಕ್ಲಸ್ಟರ್ ಮಟ್ಟದಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ನಡೆಸುವ ಸಮಾಲೋಚನಾ ಸಭೆಯಲ್ಲಿ ಅಕ್ಕಪಕ್ಕದ ಶಾಲೆಗಳವರು ಕಲೆಯುತ್ತಾರೆ. 2019ರಲ್ಲಿ ಆರಂಭವಾದ 'ನಿಷ್ಠಾ' ತರಬೇತಿಯಲ್ಲಿ ಸಮನ್ವಯ ತರಗತಿಯೂ ಒಂದು ವಿಷಯ; ಕೊರೊನಾ ಕಾಲದಲ್ಲಿ ಅದು 'ದೀಕ್ಷಾ' ವೇದಿಕೆಯ ಮೂಲಕ ಮೊಬೈಲಿಗೆ ಬಂದಿತು.

ವಿಶೇಷ ಶಿಕ್ಷಣದಲ್ಲಿ ತರಬೇತಿ ಪಡೆದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು (ಬಿ.ಐ.ಇ.ಆರ್.ಟಿ.) ತಾಲ್ಲೂಕು ಮಟ್ಟದಲ್ಲಿರುತ್ತಾರೆ. ವೈದ್ಯಕೀಯ ತಪಾಸಣಾ ಶಿಬಿರ, ಸಾಧನ ಸಲಕರಣೆ ವಿತರಣೆ, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ ಇವರ ಕೆಲಸ. ಸಾಮಾನ್ಯ ಶಿಕ್ಷಕರಿಗೆ ಸಲಹೆ ಕೊಡುವವರೂ ಇವರೇ.

ತರಗತಿಯಲ್ಲಿ

ಸಮನ್ವಯಕ್ಕೆ ಹತ್ತಿರವಾದ ಬೋಧನಾ ಕ್ರಮ ಈ ಶಿಕ್ಷಕರಿಗೆ ನಲಿ-ಕಲಿಯಿಂದ ಪರಿಚಿತ. 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ವಿಸ್ತರಿಸಿತು. ಮಕ್ಕಳು ಐದು ತಟ್ಟೆಗಳಲ್ಲಿ (ಗುಂಪುಗಳಲ್ಲಿ) ಹಂಚಿ ಕೂರುತ್ತಾರೆ: ಶಿಕ್ಷಕರ ಪೂರ್ಣ ನೆರವು, ಶಿಕ್ಷಕರ ಭಾಗಶಃ ನೆರವು, ಗೆಳೆಯರ ಪೂರ್ಣ ನೆರವು, ಗೆಳೆಯರ ಭಾಗಶಃ ನೆರವು, ಸ್ವಕಲಿಕೆ. ಒಂದು ಕಲಿಕಾ ಕಾರ್ಡು ಮುಗಿಸಿದ ಮಗು ಕಲಿಕಾ ಏಣಿಯ ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ತಿಂಗಳು ಶಾಲೆ ತಪ್ಪಿಸಿದ ಮಗು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ನಿಧಾನವಾಗಿ ಕಲಿಯುವ ಮಗುವನ್ನು 'ದಡ್ಡ' ಎಂದು ಬದಿಗಿಡುವ ಸಂದರ್ಭವೇ ಕಡಿಮೆ. ನಲಿ-ಕಲಿ ಇಲ್ಲದ ಮೇಲಿನ ತರಗತಿಗಳಲ್ಲಿ ಇಂಥ ವಿನ್ಯಾಸವಿಲ್ಲದ್ದರಿಂದ, ಶಿಕ್ಷಕರೇ ಪಾಠಯೋಜನೆಯಲ್ಲಿ ಹೊಂದಾಣಿಕೆ ಮಾಡಬೇಕು: ಮಂದದೃಷ್ಟಿಯ ಮಗುವನ್ನು ಕಪ್ಪು ಹಲಗೆಯ ಹತ್ತಿರ ಕೂರಿಸುವುದು, ಶ್ರವಣ ದೋಷವಿರುವ ಮಗುವಿಗೆ ಮುಖ ಕಾಣುವಂತೆ ನಿಂತು ಮಾತಾಡುವುದು, ಬರೆಯಲಾಗದವರಿಂದ ಮೌಖಿಕ ಉತ್ತರ ಪಡೆಯುವುದು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಅರ್ಹರಿಗೆ ಬರಹಗಾರರ ನೆರವು, ಹೆಚ್ಚುವರಿ ಸಮಯ ದೊರೆಯುತ್ತವೆ.

ಸ್ಥಳೀಯ ಸನ್ನಿವೇಶ

ಇಲ್ಲಿ ಸಮಾನತೆಯ ಪ್ರಶ್ನೆ ಅಂಗವೈಕಲ್ಯಕ್ಕಷ್ಟೇ ಸೀಮಿತವಲ್ಲ. ನಾಲೆಯ ನೀರಿರುವ ಪಾಂಡವಪುರ, ಶ್ರೀರಂಗಪಟ್ಟಣಗಳ ಕಬ್ಬಿನ ಸೀಮೆಗೆ ಕಟಾವಿಗೂ ಆಲೆಮನೆಗೂ ಹೊರಗಿನಿಂದ ಕೂಲಿ ಕುಟುಂಬಗಳು ಬರುತ್ತವೆ. ಅವರ ಮಕ್ಕಳು ಶಾಲಾ ವರ್ಷದ ನಡುವೆ ಬಂದು ನಡುವೆಯೇ ಹೊರಡುತ್ತಾರೆ. ನಾಗಮಂಗಲ ಮತ್ತು ಕೆ.ಆರ್. ಪೇಟೆಯ ಮಳೆ ನಂಬಿದ ಹಳ್ಳಿಗಳ ಅನೇಕರು ದುಡಿಮೆಗೆ ಮುಂಬೈ ಸೇರಿದ್ದಾರೆ. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಅವರಲ್ಲಿ ಬಹಳಷ್ಟು ಮಂದಿ ಊರಿಗೆ ಮರಳಿದರು. ಅಂಥ ಕುಟುಂಬದ ಮಗು ಬೇರೆ ಮಾಧ್ಯಮದಲ್ಲಿ ಓದಿ ಬಂದಿರಬಹುದು. ಮನೆಯಲ್ಲಿ ಉರ್ದು ಆಡುವ ಮಕ್ಕಳೂ ಕನ್ನಡ ತರಗತಿಯಲ್ಲಿದ್ದಾರೆ. ಜಾತಿ, ಲಿಂಗ ತಾರತಮ್ಯವಿಲ್ಲದೆ ಕೂರಿಸುವುದು, ಬಿಸಿಯೂಟ ಬಡಿಸುವುದು, ಕಸ ಗುಡಿಸುವ ಕೆಲಸವನ್ನು ಹೆಣ್ಣುಮಕ್ಕಳಿಗೇ ಹೊರಿಸದಿರುವುದು ಇವೂ ಈ ಶಿಕ್ಷಣದ ವ್ಯಾಪ್ತಿಗೆ ಸೇರುತ್ತವೆ.

ಮಿತಿಗಳು

ಮೇಲಿನಿಂದ ಹಂತಹಂತವಾಗಿ ಇಳಿಯುವ ತರಬೇತಿ ಶಾಲೆ ಮುಟ್ಟುವಾಗ ತೆಳುವಾಗುತ್ತದೆ ಎಂಬುದು ಈ ಮಾದರಿಯ ಮೇಲಿರುವ ಹಳೆಯ ಟೀಕೆ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಚಿಕ್ಕ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೊರಟರೆ ಪಾಠ ನಿಲ್ಲುತ್ತದೆ. ಬಿ.ಐ.ಇ.ಆರ್.ಟಿ. ಒಂದು ಶಾಲೆಗೆ ಮತ್ತೆ ಬರುವಷ್ಟರಲ್ಲಿ ವಾರಗಳೇ ಕಳೆಯಬಹುದು. ಆದ್ದರಿಂದ ತಮ್ಮದೇ ತರಗತಿಯ ಒಂದು ಮಗುವಿನ ತೊಡಕನ್ನು ಮುಂದಿಟ್ಟುಕೊಂಡು ಶಿಕ್ಷಕರು ಚರ್ಚಿಸಬಹುದಾದ ಕ್ಲಸ್ಟರ್ ಸಭೆಯೇ ಇಡೀ ವ್ಯವಸ್ಥೆಯಲ್ಲಿ ಶಾಲೆಗೆ ಅತಿ ಸಮೀಪದ ಕೊಂಡಿ. ಆ ಸಭೆ ಸುತ್ತೋಲೆ ಓದುವುದರಲ್ಲೇ ಮುಗಿದರೆ, ತರಬೇತಿ ಹಾಜರಾತಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ.