ಗೊಟ್ಟ, ಮಂಕರಿ, ಕಟರ್: ನಮ್ಮ ಕುರಿ ರೊಪ್ಪದ ಸಾಮಾನಿನ ಕಥೆ

ದಾವಣಗೆರೆ ಅಂದ ಕೂಡಲೇ ಬೆಣ್ಣೆ ದೋಸೆ, ಹತ್ತಿ ಗಿರಣಿ ನೆನಪಾಗುತ್ತವೆ. ಗಿರಣಿಗಳು ಬರುವುದಕ್ಕೆ ನೂರು ವರ್ಷಕ್ಕೂ ಮೊದಲು ಈ ಊರಿಗೆ ಹೆಸರು ತಂದದ್ದು ಕಂಬಳಿ. ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಇಂಗ್ಲಿಷ್ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ಸುತ್ತಿ ಬರಲು ಕಳಿಸಿತ್ತು. 1801ರಲ್ಲಿ ದಾವಣಗೆರೆ, ಹರಿಹರ ನೋಡಿದ ಆತ ಇಲ್ಲಿನ ಕಂಬಳಿ ವ್ಯಾಪಾರದ ಬಗ್ಗೆ ಬರೆದಿಟ್ಟಿದ್ದಾನೆ. ಆ ಕಂಬಳಿಯ ಹಿಂದೆ ಇದ್ದದ್ದು ಕುರಿ, ಕುರಿಯ ಹಿಂದೆ ಇದ್ದದ್ದು ಕುರುಬರ ಮನೆಯ ನಾಲ್ಕೈದು ಸಾಮಾನು.

ನಾಲ್ಕೈದೇ. ಮಂದೆ ಊರೂರು ಸುತ್ತುತ್ತಿತ್ತು, ಹೆಗಲ ಮೇಲೆ ಅಥವಾ ಕತ್ತೆಯ ಬೆನ್ನ ಮೇಲೆ ಹೋಗುವಷ್ಟನ್ನೇ ಇಟ್ಟುಕೊಳ್ಳಬೇಕಿತ್ತು. ಉಣ್ಣೆಗೆ ಕತ್ತರಿ, ಮಳೆಗೂ ಚಳಿಗೂ ಕಂಬಳಿ. ದಾರಿಯಲ್ಲೇ ಕುರಿ ಈದರೆ ಹಸಿ ಮರಿಯನ್ನು ಒರೆಸಿ ಸುತ್ತಲೂ ಅದೇ ಕಂಬಳಿ. ಮರಿಗಳನ್ನು ರಾತ್ರಿ ಮುಚ್ಚಿಡಲು ದೊಡ್ಡ ಮಂಕರಿ. ಔಷಧ ಕುಡಿಸಲು ಬಿದಿರಿನ ಗೊಟ್ಟ.

ಗೊಟ್ಟದ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಂದು ಕಡೆ ಗಿಣ್ಣು ಉಳಿಸಿ, ಇನ್ನೊಂದು ಕಡೆ ಓರೆಯಾಗಿ ಕತ್ತರಿಸಿದ ಬಿದಿರಿನ ತುಂಡು, ಅಷ್ಟೇ. ಕಾಸು ಖರ್ಚಿಲ್ಲ, ಒಡೆದರೆ ಇನ್ನೊಂದು. ಎತ್ತಿಗೂ ಅದೇ, ಕುರಿಗೆ ಸಣ್ಣದು. ಆದರೆ ತಲೆ ಮೇಲಕ್ಕೆತ್ತಿ ಒಮ್ಮೆಲೇ ಸುರಿದರೆ ಔಷಧ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕುರಿ ಕೆಮ್ಮಿ, ಎರಡು ಮೂರು ದಿನದಲ್ಲಿ ಸಾಯುತ್ತದೆ. ಹಾಗೆ ಸತ್ತದ್ದನ್ನು ಜನ ರೋಗದ ಲೆಕ್ಕಕ್ಕೆ ಬರೆದರೇ ಹೊರತು ಗೊಟ್ಟದ ಲೆಕ್ಕಕ್ಕೆ ಬರೆಯಲಿಲ್ಲ. ಇಂದು ಸೂಜಿ ತೆಗೆದ ಪ್ಲಾಸ್ಟಿಕ್ ಸಿರಿಂಜ್ ಆ ಕೆಲಸ ಮಾಡುತ್ತದೆ, ಎಷ್ಟು ಮಿಲಿ ಎಂಬುದೂ ಗೊತ್ತಾಗುತ್ತದೆ. ತಲೆ ಬೆನ್ನಿನ ಮಟ್ಟಕ್ಕಿರಲಿ, ಕಟಬಾಯಿಯಿಂದ ನಿಧಾನವಾಗಿ ಬಿಡಿ.

ಸೂಜಿಗೂ ಒಂದು ಚರಿತ್ರೆ ಇದೆ. ದನಗಳ ದೊಡ್ಡರೋಗ ಹಟ್ಟಿಗಳನ್ನೇ ಖಾಲಿ ಮಾಡುತ್ತಿದ್ದ ಕಾಲದಲ್ಲಿ, 1925ರಲ್ಲಿ, ಮೈಸೂರು ಸಂಸ್ಥಾನ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ತಯಾರಿಸುವ ಸಂಸ್ಥೆ ತೆರೆಯಿತು. ಅದು ಇಂದಿಗೂ ಪಶು ಲಸಿಕೆ ತಯಾರಿಸುತ್ತಿದೆ. 2011ರಲ್ಲಿ ದೊಡ್ಡರೋಗ ಇಡೀ ಜಗತ್ತಿನಿಂದಲೇ ಹೋಯಿತೆಂದು ಘೋಷಣೆಯಾಯಿತು. ಅದರ ದಾಯಾದಿ ಪಿ.ಪಿ.ಆರ್. ಮಾತ್ರ ಕುರಿ, ಮೇಕೆಯನ್ನು ಬಿಟ್ಟಿಲ್ಲ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ಇದರ ಲಸಿಕೆ ತಂಪಿನಲ್ಲಿದ್ದರೆ ಮಾತ್ರ ಲಸಿಕೆ, ಬಿಸಿಲಲ್ಲಿಟ್ಟರೆ ಬರೀ ನೀರು. ಹಾಗಾಗಿ ನನ್ನ ಲೆಕ್ಕದಲ್ಲಿ ಕುರಿ ಸಾಕುವವರ ಮನೆಯಲ್ಲಿ ಇರಬೇಕಾದ ಮೊದಲ 'ಯಂತ್ರ' ಐಸ್ ಹಾಕಿದ ಒಂದು ಫ್ಲಾಸ್ಕ್. ಆಸ್ಪತ್ರೆಯಿಂದ ಹಟ್ಟಿಗೆ ತರುವ ಹತ್ತು ಕಿಲೋಮೀಟರಿನಲ್ಲೇ ಎಷ್ಟೋ ಲಸಿಕೆ ಹಾಳಾಗುತ್ತದೆ. ಇನ್ನು ಇಡೀ ಮಂದೆಗೆ ಒಂದೇ ಸೂಜಿ ಚುಚ್ಚುವ ರೂಢಿ ಇದೆಯಲ್ಲ, ಅದು ಒಂದು ಕುರಿಯ ಕಾಯಿಲೆಯನ್ನು ಐವತ್ತಕ್ಕೆ ಹಂಚುವ ಕೆಲಸ.

1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಬಂತು. ದಾವಣಗೆರೆ, ಹರಿಹರದ ಬಯಲು ಗದ್ದೆಯಾಯಿತು. ಕೊಯ್ಲಾದ ಮೇಲೆ ಗೊಬ್ಬರಕ್ಕೆಂದು ರೈತರು ಕುರಿ ಮಂದೆ ಹಾಕಿಸುತ್ತಾರೆ. ಗದ್ದೆ ಬಯಲಲ್ಲಿ ಬೇಲಿಗೆ ಮುಳ್ಳು ಎಲ್ಲಿಂದ ತರುವುದು? ಅಲ್ಲಿ ಕೆಲಸಕ್ಕೆ ಬಂದದ್ದು ಸುತ್ತಿ ಹೊರುವ ಬಲೆ. ಈಚೆಗೆ ಗದ್ದೆಗಳು ಅಡಿಕೆ ತೋಟವಾಗುತ್ತಿವೆ, ಗೋಮಾಳ ಕರಗಿದೆ. ಹತ್ತಿಪ್ಪತ್ತು ಕುರಿ ಇಟ್ಟವರು ರೊಪ್ಪದಲ್ಲೇ ಕಟ್ಟಿ ಮೇಯಿಸುತ್ತಿದ್ದಾರೆ. ಅಲ್ಲಿಗೆ ಬಂತು ಕಟರ್.

ಹರಿಹರದವರಿಗೆ ಕಿರ್ಲೋಸ್ಕರ್ ಅಂದರೆ ಲೇತ್ ಮಷಿನ್. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿ ಶುರುವಾದದ್ದು 1941ರಲ್ಲಿ. ಆದರೆ ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದಾಗ ಮೊದಮೊದಲು ತಯಾರಿಸಿದ್ದು ಲೇತ್ ಅಲ್ಲ, ಮೇವು ಕತ್ತರಿಸುವ ಯಂತ್ರ. ಕಬ್ಬಿಣದ ನೇಗಿಲು ಬಂದದ್ದು ಆಮೇಲೆ. ಕಾರ್ಖಾನೆಯ ದೊಡ್ಡ ಕಥೆ ದನದ ಕೊಟ್ಟಿಗೆಯಿಂದಲೇ ಹೊರಟಿತು ಎಂಬುದನ್ನು ಹರಿಹರದಲ್ಲಿ ಹೇಳುವವರು ಕಡಿಮೆ.

ಕಟರ್ ಕೊಳ್ಳುವವರಿಗೆ ನನ್ನದೊಂದು ಮಾತು. ಇಪ್ಪತ್ತು ಕುರಿಗೆ ಕೈಯಲ್ಲಿ ತಿರುಗಿಸುವ ಚಕ್ರ ಸಾಕು. ಸಹಾಯಧನ ಸಿಗುತ್ತದೆಂದು ದೊಡ್ಡ ಮೋಟರಿನದು ತಂದು, ಕರೆಂಟಿಲ್ಲದೆ ಮೂಲೆಗಿಟ್ಟು, ಕೋಳಿ ಕೂರಲು ಬಿಟ್ಟಿರುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಅದೇ ಮನೆಯಲ್ಲಿ ಮರಿಯ ಹೊಕ್ಕುಳಿಗೆ ಹಚ್ಚಲು ಟಿಂಚರ್ ಅಯೋಡಿನ್ ಇರುವುದಿಲ್ಲ! ಹೊಕ್ಕುಳಿಗೆ ಬೂದಿ ಮೆತ್ತುವುದು ಇನ್ನೂ ನಿಂತಿಲ್ಲ, ಧನುರ್ವಾಯು ಆ ದಾರಿಯಲ್ಲೇ ಬರುತ್ತದೆ. ಈಯುವ ಕಾಲಕ್ಕೆ ಬೇಕಾದದ್ದು ಒಂದು ಡಬ್ಬಿಯಲ್ಲಿ ಹಿಡಿಯುತ್ತದೆ: ಅಯೋಡಿನ್, ಹೊಸ ಬ್ಲೇಡು, ಕುದಿಸಿದ ದಾರ, ಒಣ ಬಟ್ಟೆ, ರಬ್ಬರ್ ನಿಪ್ಪಲ್ ಇರುವ ಬಾಟ್ಲಿ, ಕೈಗವಸು. ಕಂದು ಹಾಕಿದ ಕುರಿಯನ್ನು ಬರಿಗೈಯಲ್ಲಿ ಮುಟ್ಟಿದರೆ ಬ್ರುಸೆಲ್ಲಾ ಜ್ವರ ಮನುಷ್ಯರಿಗೂ ಬರುತ್ತದೆ, ಅದಕ್ಕೆ ಕೈಗವಸು. ಬಾಟ್ಲಿ ಏಕೆಂದರೆ, ಹುಟ್ಟಿದ ಒಂದೆರಡು ಗಂಟೆಯಲ್ಲಿ ಗಿಣ್ಣು ಹಾಲು ಇಳಿಯದ ಮರಿ ಬದುಕುವುದು ಕಷ್ಟ. ಎರಡೂವರೆ ಕೆ.ಜಿ. ಮರಿಗೆ ಮೊದಲ ದಿನ ಸುಮಾರು ಕಾಲು ಲೀಟರ್ ಬೇಕು. ನಿಲ್ಲಲಾಗದ ಮರಿಗೆ ತಾಯಿಯಿಂದ ಹಿಂಡಿ ಕುಡಿಸಬೇಕು.

ಹಳೆಯ ಮಂಕರಿಯನ್ನು ಎಸೆಯಬೇಡಿ. ಗಾಳಿ ಆಡುತ್ತದೆ, ಹಗುರ, ಬಿಸಿಲಿಗಿಟ್ಟರೆ ಒಣಗುತ್ತದೆ. ಈತದ ನಡುವೆ ಸುಣ್ಣದ ನೀರು ಹೊಡೆದು ಎರಡು ದಿನ ಬಿಸಿಲಿಗೆ ಬೋರಲು ಹಾಕಿ. ಕಟರಿನ ಬ್ಲೇಡು ಮೊಂಡಾದರೆ ದಂಟು ಕತ್ತರಿಸುವ ಬದಲು ಜಜ್ಜುತ್ತದೆ, ಆಗ ಜನ ಕೈಯಿಂದ ಒಳಗೆ ತಳ್ಳುತ್ತಾರೆ, ಬೆರಳು ಹೋಗುವುದು ಆಗಲೇ. ಕೆಲಸ ಮುಗಿದ ಮೇಲೆ ಚಕ್ರಕ್ಕೆ ಸರಪಳಿ ಹಾಕಿ ಬೀಗ ಹಾಕಿ, ಮಕ್ಕಳಿಗೆ ಅದು ಆಟದ ಗಾಲಿ. ಬ್ಲೇಡು ಬಿಚ್ಚಿಕೊಂಡು ಸಂತೆಗೆ ಹೋದ ದಿನ ಸಾಣೆ ಹಿಡಿಸಿಕೊಂಡು ಬನ್ನಿ, ಮರಳಿ ಕೂರಿಸುವಾಗ ಎರಡೂ ಬ್ಲೇಡಿನ ನಟ್ಟುಗಳನ್ನು ಸಮನಾಗಿ ಬಿಗಿಯಿರಿ.